ಟ್ಯಾಂಕು ಖಾಲಿಯಾದಂತೆ ತಿರುಗಿಬಿದ್ದ ಡೆಲ್ಟಾ: ಒಂದು ಪ್ರಕರಣ ಅಧ್ಯಯನ

ರಾಕೆಟ್, ವಿಮಾನ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕೆರ್ಬಲ್ ಸ್ಪೇಸ್ ಪ್ರೋಗ್ರಾಂನಲ್ಲಿ ಕಟ್ಟಿದ ಒಂದು ಜೆಟ್ ವಿಮಾನ. ರನ್‌ವೇ ಬಿಟ್ಟೇಳುವಾಗ ತಕರಾರಿಲ್ಲ, ಏರುವಾಗ ತಕರಾರಿಲ್ಲ, ಹೋಗುವ ದಾರಿಯುದ್ದಕ್ಕೂ ನೆಟ್ಟಗೆ ಹಾರಿತು. ವಾಪಸ್ ಬಂದು ಇಳಿಯಲೆಂದು ಥ್ರಾಟಲ್ (ಇಂಜಿನಿನ ಬಲ) ತಗ್ಗಿಸಿದ್ದೇ ತಡ, ಮೂಗು ಮೇಲೆದ್ದು, ಬಾಲ ಮುಂದಾಗಿ, ಗಿರಗಿರನೆ ಸುತ್ತುತ್ತ ಸಮುದ್ರಕ್ಕೆ ಬಿತ್ತು. ಮತ್ತೆ ಹಾರಿಸಿದಾಗಲೂ ಅದೇ ಹಂತದಲ್ಲಿ ಅದೇ ಗತಿ.

ಕಟ್ಟಿದವರು ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ಗುಂಪು. ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಯುದ್ಧವಿಮಾನ ನೋಡಿದವರಿಗೆ, ಬಾಲರೆಕ್ಕೆಯೇ ಇಲ್ಲದ ಆ ಡೆಲ್ಟಾ (ತ್ರಿಕೋನ ರೆಕ್ಕೆಯ) ಆಕಾರದ ಮೇಲೆ ಮನಸ್ಸಾಗುವುದು ಸಹಜ. ವಿಮಾನಕ್ಕೆ ‘ಗಿಡುಗ’ ಎಂದು ಹೆಸರಿಟ್ಟಿದ್ದರು. ಉತ್ತರ ಧ್ರುವದ ಹಿಮದವರೆಗೆ ಹೋಗಿ ಬರುವುದು ಅವರ ಗುರಿ. ಆಟದ ಕೆರ್ಬಿನ್ ಗ್ರಹದ ತ್ರಿಜ್ಯ 600 ಕಿ.ಮೀ., ರನ್‌ವೇ ಇರುವುದು ಹೆಚ್ಚುಕಡಿಮೆ ಸಮಭಾಜಕದ ಮೇಲೆ. ಹಾಗಾಗಿ ಒಂದು ದಿಕ್ಕಿಗೆ ಸುಮಾರು 940 ಕಿ.ಮೀ., ಹೋಗಿಬರಲು 1,900 ಕಿ.ಮೀ. ಹತ್ತಿರ. ಇಷ್ಟು ದೂರಕ್ಕೆ ಇಂಧನ ಸಾಲದೇ ಹೋದರೆ ಎಂಬ ಅಂಜಿಕೆಯಿಂದ ಎರಡು ಟ್ಯಾಂಕು ಪೂರ್ತಿ ತುಂಬಿಸಿದ್ದರು.

ಎಸ್‌ಎಎಸ್, ಅಂದರೆ ವಿಮಾನವನ್ನು ತಾನಾಗಿ ನೆಟ್ಟಗೆ ಹಿಡಿದಿಡುವ ಆಟದ ವ್ಯವಸ್ಥೆ, ಕೈಕೊಟ್ಟಿತು ಎಂಬುದು ಗುಂಪಿನ ಮೊದಲ ಊಹೆ. ಇಂಥ ಪ್ರಸಂಗಗಳಲ್ಲಿ ಎಲ್ಲರ ಬೆರಳೂ ಮೊದಲು ಅತ್ತಲೇ ಹೋಗುತ್ತದೆ. ಆದರೆ ಹೋಗುವಾಗ ಇದ್ದ ಎಸ್‌ಎಎಸ್ಸೇ ಬರುವಾಗಲೂ ಇತ್ತು. ರೆಕ್ಕೆಯೂ ಅದೇ, ಎಲಿವಾನ್‌ಗಳೂ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಮಡಚುವ ಹಲಗೆಗಳು) ಅವೇ. ನಡುವೆ ಬದಲಾಗಿದ್ದು ಎರಡೇ: ಇಂಧನದ ಪ್ರಮಾಣ ಮತ್ತು ಥ್ರಾಟಲ್. ತನಿಖೆ ಶುರುವಾಗಬೇಕಾದ್ದು ಅಲ್ಲಿಂದ.

ತೂಕದ ಲೆಕ್ಕ

ಆಟದಲ್ಲಿ ವಿಮಾನ ಕಟ್ಟುವ ಜಾಗವಾದ ಹ್ಯಾಂಗರಿನಲ್ಲಿ ಹಳದಿ-ಕಪ್ಪು ಗುಂಡು ತೂಕದ ಕೇಂದ್ರ, ನೀಲಿ ಗುಂಡು ಲಿಫ್ಟಿನ (ವಿಮಾನವನ್ನು ಮೇಲೆತ್ತುವ ಬಲದ) ಕೇಂದ್ರ. ಹಳದಿ ಮುಂದೆ, ನೀಲಿ ಸ್ವಲ್ಪ ಹಿಂದೆ ಇದ್ದರೆ ವಿಮಾನ ಶಟಲ್‌ಕಾಕ್‌ನಂತೆ ತಾನಾಗಿ ಮೂಗು ಮುಂದೆ ಮಾಡಿಕೊಳ್ಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು, ಈ ಗುಂಪಿಗೂ ಗೊತ್ತಿತ್ತು. ಅವರ ಹ್ಯಾಂಗರಿನಲ್ಲಿ ಎರಡೂ ಗುಂಡುಗಳು ಇರಬೇಕಾದ ಕಡೆಯೇ ಇದ್ದವು. ತೊಂದರೆ ಏನೆಂದರೆ ಹ್ಯಾಂಗರ್ ತೋರಿಸುವುದು ಟ್ಯಾಂಕಿನಲ್ಲಿ ಆ ಕ್ಷಣಕ್ಕೆ ಎಷ್ಟಿದೆಯೋ ಅಷ್ಟರ ಚಿತ್ರ. ಟ್ಯಾಂಕು ತುಂಬಿದ್ದರೆ ತುಂಬಿದ ವಿಮಾನದ ಕೇಂದ್ರವನ್ನೇ ತೋರಿಸುತ್ತದೆ. ಇಳಿಯುವ ವಿಮಾನ ಅದಲ್ಲ.

ಗಿಡುಗದ ಜೋಡಣೆ ಹೀಗಿತ್ತು. ದೂರವನ್ನೆಲ್ಲ ಮೂಗಿನ ತುದಿಯಿಂದ ಅಳೆದಿದೆ. ಹ್ಯಾಂಗರಿನಲ್ಲಿ ಸ್ಕೇಲು ಇಲ್ಲ, ಆದರೆ ಎಂಕೆ1 ಟ್ಯಾಂಕಿನ ಉದ್ದ ಸುಮಾರು 1.9 ಮೀಟರ್ ಎಂದು ಗೊತ್ತಿದ್ದರೆ ಅದನ್ನೇ ಅಳತೆಗೋಲಾಗಿ ಬಳಸಬಹುದು.

ಎಂಕೆ1 ಕಾಕ್‌ಪಿಟ್: 1.25 ಟನ್, 1.0 ಮೀ.
ಮುಂದಿನ ಟ್ಯಾಂಕು: ಖಾಲಿ 0.25 ಟನ್, ಇಂಧನ 400 ಯೂನಿಟ್, ಅಂದರೆ 2 ಟನ್, 2.85 ಮೀ.
ಹಿಂದಿನ ಟ್ಯಾಂಕು: ಅದೇ ತೂಕ, 4.75 ಮೀ.
ಖಾಲಿ ಸ್ಟ್ರಕ್ಚರಲ್ ಫ್ಯೂಸಲಾಜ್ (ಇಂಧನವಿಲ್ಲದ ಒಡಲಿನ ತುಂಡು): 0.1 ಟನ್, 6.65 ಮೀ.
ಪ್ಯಾಂಥರ್ ಇಂಜಿನ್: 1.2 ಟನ್, 8.3 ಮೀ.
ರೆಕ್ಕೆ, ಫಿನ್ (ಬಾಲದ ನಿಂತ ರೆಕ್ಕೆ), ಗೇರು (ಗಾಲಿಗಳು), ಇನ್‌ಟೇಕು (ಗಾಳಿ ಒಳಸೇರುವ ಬಾಯಿ) ಎಲ್ಲ ಸೇರಿ: 1.8 ಟನ್, 6.0 ಮೀ. (ಇದರಲ್ಲಿ ರೆಕ್ಕೆಯದೇ 0.9 ಟನ್)

ಪ್ರತಿ ಭಾಗದ ತೂಕವನ್ನು ಅದರ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ತೂಕದ ಕೇಂದ್ರ ಸಿಗುತ್ತದೆ. ಟ್ಯಾಂಕು ತುಂಬಿದಾಗ ಒಟ್ಟು 8.85 ಟನ್, ಕೇಂದ್ರ 4.49 ಮೀಟರಿನಲ್ಲಿ. ಪೂರ್ತಿ ಖಾಲಿಯಾದಾಗ 4.85 ಟನ್, ಕೇಂದ್ರ 5.07 ಮೀಟರಿನಲ್ಲಿ. ಹಾರಾಟದ ನಡುವೆ ತೂಕದ ಕೇಂದ್ರ ಅರ್ಧ ಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಇಂಧನವೆಲ್ಲ ಮುಂದೆ, ಇಂಜಿನಿನ ತೂಕ ಹಿಂದೆ. ಮುಂದಿನದು ಸುಟ್ಟುಹೋಗುತ್ತದೆ, ಹಿಂದಿನದು ಉಳಿಯುತ್ತದೆ.

ಲಿಫ್ಟಿನ ಕೇಂದ್ರ ಮಾತ್ರ 4.8 ಮೀಟರಿನಲ್ಲಿ ಕದಲದೆ ಕೂತಿತ್ತು. ರೆಕ್ಕೆಯ ಸರಾಸರಿ ಕಾರ್ಡ್, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಉದ್ದ, 3 ಮೀಟರ್. ಎರಡು ಕೇಂದ್ರಗಳ ನಡುವಿನ ಅಂತರವನ್ನು ಈ 3 ಮೀಟರಿನ ಶೇಕಡಾವಾರಿನಲ್ಲಿ ಹೇಳುವುದು ವಿಮಾನ ವಿನ್ಯಾಸದ ರೂಢಿ; ತೂಕದ ಕೇಂದ್ರ ಮುಂದಿದ್ದರೆ ಪ್ಲಸ್, ಹಿಂದಿದ್ದರೆ ಮೈನಸ್. ಎರಡೂ ಟ್ಯಾಂಕು ಒಂದೇ ಸಮನೆ ಖಾಲಿಯಾಗುತ್ತವೆ ಎಂದಿಟ್ಟುಕೊಂಡರೆ, ತುಂಬಿದಾಗ ಅಂತರ ಶೇ. 10. ಅರ್ಧ ಖಾಲಿಯಾದಾಗ ಶೇ. 3. ಸುಮಾರು 260 ಯೂನಿಟ್ ಉಳಿದಾಗ ಸೊನ್ನೆ. ಹತ್ತನೇ ಒಂದು ಭಾಗ ಉಳಿದಾಗ ಮೈನಸ್ 6, ಬರಿದಾದಾಗ ಮೈನಸ್ 9. ಅಂದರೆ ಕೊನೆಯ ಮೂರನೇ ಒಂದು ಭಾಗದ ಇಂಧನದಲ್ಲಿ ಗಿಡುಗ ಹಾರುತ್ತಿದ್ದುದು ಬಾಲ ಮುಂದೆ ಮಾಡಲು ತವಕಿಸುವ ವಿಮಾನವಾಗಿ.

ಹಾಗಾದರೆ 260ಕ್ಕೇ ಏಕೆ ಬೀಳಲಿಲ್ಲ?

ಈ ಪ್ರಕರಣದಲ್ಲಿ ನಿಜವಾಗಿ ಕಲಿಯಬೇಕಾದದ್ದು ಇಲ್ಲಿದೆ. ಪ್ಯಾಂಥರ್ ಇಂಜಿನಿನ ನಳಿಗೆ ತಿರುಗುತ್ತದೆ, ಅಂದರೆ ಗಿಂಬಲ್ ಇದೆ. ಥ್ರಾಟಲ್ ಮೇಲಿರುವಷ್ಟು ಹೊತ್ತು ಎಸ್‌ಎಎಸ್ ಆ ನಳಿಗೆಯನ್ನು ಅತ್ತಿತ್ತ ಹೊರಳಿಸಿ, ಏಳಲು ಹೊರಟ ಮೂಗನ್ನು ಹಿಡಿದು ಕೂರಿಸುತ್ತಿತ್ತು. ಇಂಜಿನ್ ತೂಕದ ಕೇಂದ್ರದಿಂದ ಮೂರು ಮೀಟರಿಗೂ ಹೆಚ್ಚು ಹಿಂದಿದೆ, ಹಾಗಾಗಿ ಅದರ ಹಿಡಿತವೂ ದೊಡ್ಡದು. ವಿಮಾನ ಸ್ಥಿರತೆ ಕಳೆದುಕೊಂಡು ಎಷ್ಟೋ ಹೊತ್ತಾಗಿದ್ದರೂ ಪೈಲಟ್ಟಿಗೆ ಅದು ಗೊತ್ತೇ ಆಗಲಿಲ್ಲ. ಇಳಿಯಲು ಥ್ರಾಟಲ್ ತಗ್ಗಿಸಿದಾಗ ನೂಕುಬಲದ ಜೊತೆ ಗಿಂಬಲಿನ ಬಲವೂ ಹೋಯಿತು. ಉಳಿದದ್ದು ಎಲಿವಾನ್ ಮಾತ್ರ, ಅದೂ ಇಳಿಯುವ ಕಡಿಮೆ ವೇಗದಲ್ಲಿ. ಸಾಲಲಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಸಾಕಷ್ಟು ಎತ್ತರದಲ್ಲಿ, ಟ್ಯಾಂಕಿನಲ್ಲಿ 200 ಯೂನಿಟ್ ಉಳಿದಿರುವಾಗ, ಇಂಜಿನ್ ಮೇಲೆ ರೈಟ್ ಕ್ಲಿಕ್ ಮಾಡಿ ಗಿಂಬಲ್ ಲಾಕ್ ಮಾಡಬೇಕು. ಥ್ರಾಟಲ್ ಹಾಗೆಯೇ ಇರಲಿ. ಮೂಗು ತೇಲತೊಡಗಿದರೆ ರೋಗ ಸಿಕ್ಕಿತು. ತಿರುಗುವ ನಳಿಗೆಯ ಇಂಜಿನ್ ಇರುವ ಯಾವುದೇ ವಿಮಾನದ ಮೊದಲ ಪರೀಕ್ಷಾ ಹಾರಾಟವನ್ನು ಗಿಂಬಲ್ ಲಾಕ್ ಮಾಡಿಯೇ ಮಾಡಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ರೆಕ್ಕೆ ಕೆಟ್ಟದಾಗಿದ್ದರೂ ಇಂಜಿನ್ ಅದನ್ನು ಮುಚ್ಚಿಡುತ್ತದೆ.

ತೇಜಸ್ ಹಾಗೆಯೇ ಇದೆಯಲ್ಲ ಎಂಬ ವಾದ ಇಲ್ಲಿ ಬರುತ್ತದೆ. ನಿಜ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಆ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಆದರೆ ಅದನ್ನು ಹಿಡಿದಿಟ್ಟಿರುವುದು ನಾಲ್ಕು ಸಮಾನಾಂತರ ಚಾನೆಲ್‌ಗಳ ಡಿಜಿಟಲ್ ಫ್ಲೈ-ಬೈ-ವೈರ್ (ಕಂಪ್ಯೂಟರ್ ನಿಯಂತ್ರಣದ) ವ್ಯವಸ್ಥೆ. ವೇಗ, ಎತ್ತರ, ರೆಕ್ಕೆಗೆ ಗಾಳಿ ತಾಗುವ ಕೋನ ಎಲ್ಲವನ್ನೂ ಅಳೆದು, ಆಯಾ ಸ್ಥಿತಿಗೆ ತಕ್ಕಂತೆ ಎಲಿವಾನ್ ಎಷ್ಟು ತಿರುಗಬೇಕೆಂದು ಅದು ನಿರ್ಧರಿಸುತ್ತದೆ. ಆಟದ ಎಸ್‌ಎಎಸ್ ಮೂಗು ಎತ್ತ ನೋಡುತ್ತಿದೆ ಎಂಬುದನ್ನಷ್ಟೇ ಹಿಡಿದಿಡಲು ನೋಡುತ್ತದೆ. ತೇಜಸ್ಸಿನ ಆಕಾರವನ್ನು ನಕಲು ಮಾಡಬಹುದು, ಅದರ ನಿಯಂತ್ರಣ ವ್ಯವಸ್ಥೆಯನ್ನು ಎಂಕೆ1 ಕಾಕ್‌ಪಿಟ್ಟಿನಲ್ಲಿ ತರಲಾಗದು. ಆಟದಲ್ಲಿ ಬಾಲವಿಲ್ಲದ ಡೆಲ್ಟಾ ಬೇಕೆಂದರೆ ಅದನ್ನು ಸ್ಥಿರವಾಗಿಯೇ ಕಟ್ಟಬೇಕು.

ಮೊದಲ ರಿಪೇರಿ, ಅದರ ಸೋಲು

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ರೆಕ್ಕೆಯನ್ನು ಹಿಂದಕ್ಕೆ ತಳ್ಳುವುದು. ಖಾಲಿ ಟ್ಯಾಂಕಿನಲ್ಲೂ ಶೇ. 5 ಅಂತರ ಸಿಗುವಷ್ಟು ತಳ್ಳಿದರು. ಇಲ್ಲೊಂದು ತೊಡಕಿದೆ. ರೆಕ್ಕೆಗೂ ತೂಕವಿದೆ, ಅದು ಹಿಂದೆ ಹೋದಾಗ ತೂಕದ ಕೇಂದ್ರವನ್ನೂ ಎಳೆದುಕೊಂಡು ಹೋಗುತ್ತದೆ. 4.85 ಟನ್ನಿನಲ್ಲಿ 0.9 ಟನ್ ರೆಕ್ಕೆಯದ್ದಾದರೆ, ರೆಕ್ಕೆಯನ್ನು ಒಂದು ಮೀಟರ್ ಸರಿಸಿದಾಗ ಕೈಗೆ ಸಿಗುವ ಲಾಭ 81 ಸೆಂ.ಮೀ. ಮಾತ್ರ. ಆದ್ದರಿಂದ 42 ಸೆಂ.ಮೀ. ಅಂತರ ಗಳಿಸಲು ರೆಕ್ಕೆ 51 ಸೆಂ.ಮೀ. ಸರಿಯಬೇಕಾಯಿತು. ಲಿಫ್ಟಿನ ಕೇಂದ್ರ 5.31ಕ್ಕೆ ಬಂತು.

ಇಳಿಯುವಾಗಿನ ಕಾಯಿಲೆ ವಾಸಿಯಾಯಿತು, ಆದರೆ ಈಗ ವಿಮಾನ ನೆಲ ಬಿಟ್ಟೇಳಲೊಲ್ಲದು. ತುಂಬಿದ ಟ್ಯಾಂಕಿನಲ್ಲಿ ತೂಕದ ಕೇಂದ್ರ 4.55, ಲಿಫ್ಟ್ 5.31, ಅಂತರ ಶೇ. 25 ದಾಟಿತ್ತು. ಮೂಗು ಕಲ್ಲಿನಂತೆ ಭಾರ. ಬಾಲವಿಲ್ಲದ ಡೆಲ್ಟಾಕ್ಕೆ ಇದು ಬೇರೆ ವಿಮಾನಗಳಿಗಿಂತ ಕಷ್ಟದ ಸ್ಥಿತಿ. ಎಲಿವಾನ್ ಇರುವುದು ರೆಕ್ಕೆಯ ಹಿಂದಿನ ಅಂಚಿನಲ್ಲೇ, ತೂಕದ ಕೇಂದ್ರಕ್ಕೆ ಹತ್ತಿರ. ದೂರದ ಬಾಲರೆಕ್ಕೆಗೆ ಇರುವ ಸನ್ನೆಬಲ ಅದಕ್ಕಿಲ್ಲ. ಅಲ್ಲದೆ ಮೂಗೆತ್ತಲು ಎಲಿವಾನ್ ಮೇಲಕ್ಕೆ ಮಡಚಿದಾಗ ಅದು ರೆಕ್ಕೆಯ ಹಿಂಭಾಗವನ್ನು ಕೆಳಕ್ಕೆ ಒತ್ತುತ್ತದೆ, ಅಂದರೆ ಏಳಬೇಕಾದ ಹೊತ್ತಿನಲ್ಲೇ ಒಟ್ಟು ಲಿಫ್ಟ್ ಇಳಿಯುತ್ತದೆ. ಸುಮಾರು ಎರಡೂವರೆ ಕಿ.ಮೀ. ಉದ್ದದ ರನ್‌ವೇ ಮುಗಿದು, ಅಂಚಿನಿಂದ ಕೆಳಗೆ ಜಾರಿದ ಮೇಲಷ್ಟೇ ಗಿಡುಗ ಗಾಳಿಗೇರಿತು.

ಎಲಿವಾನ್ ಇನ್ನಷ್ಟು ಸೇರಿಸುವುದು ಇದಕ್ಕೆ ಮದ್ದಲ್ಲ. ಕೇಂದ್ರ ಅರ್ಧ ಮೀಟರ್ ಓಡಾಡುತ್ತಿರುವವರೆಗೆ ರೆಕ್ಕೆ ಎಲ್ಲೇ ಇರಲಿ, ಒಂದು ತುದಿಯಲ್ಲಿ ಬಾಲ ಭಾರ, ಇನ್ನೊಂದು ತುದಿಯಲ್ಲಿ ಮೂಗು ಭಾರ. ನಿಲ್ಲಿಸಬೇಕಾದ್ದು ಆ ಓಡಾಟವನ್ನು.

ಟ್ಯಾಂಕು ಖಾಲಿಯಾಗುವ ಕ್ರಮ

ಆಟದ ಸೆಟ್ಟಿಂಗಿನಲ್ಲಿ ಅಡ್ವಾನ್ಸ್ಡ್ ಟ್ವೀಕೆಬಲ್ಸ್ ಆನ್ ಮಾಡಿದರೆ ಪ್ರತಿ ಟ್ಯಾಂಕಿಗೂ ಫ್ಲೋ ಪ್ರಯಾರಿಟಿ, ಅಂದರೆ ಖಾಲಿಯಾಗುವ ಸರದಿ, ಕೊಡಬಹುದು. ಸಂಖ್ಯೆ ದೊಡ್ಡದಿದ್ದ ಟ್ಯಾಂಕು ಮೊದಲು ಬರಿದಾಗುತ್ತದೆ. ಮೂಲ ಗಿಡುಗದಲ್ಲಿ ಮುಂದಿನ ಟ್ಯಾಂಕು ಮೊದಲು ಖಾಲಿಯಾಗುವಂತೆ ಇಟ್ಟರೆ, ಇನ್ನೂ 520 ಯೂನಿಟ್ ಉಳಿದಿರುವಾಗಲೇ ಸ್ಥಿರತೆ ಸೊನ್ನೆ. ಹಿಂದಿನದನ್ನು ಮೊದಲು ಖಾಲಿ ಮಾಡಿದರೆ 133 ಯೂನಿಟ್‌ವರೆಗೆ ತಡೆಯುತ್ತದೆ. ಅದೇ ವಿಮಾನ, ಅದೇ ಇಂಧನ, ಖರ್ಚಾಗುವ ಕ್ರಮವಷ್ಟೇ ಬೇರೆ.

ಇದರಿಂದ ಗಾಳಿಯಲ್ಲೇ ಮಾಡಬಹುದಾದ ಒಂದು ತುರ್ತು ಉಪಾಯವೂ ಸಿಗುತ್ತದೆ. ಇಂಥ ವಿಮಾನ ಮನೆ ದಾರಿಯಲ್ಲಿದ್ದು 200 ಯೂನಿಟ್ ಉಳಿದಿದೆ ಎನ್ನೋಣ. ಎರಡೂ ಟ್ಯಾಂಕಿನಲ್ಲಿ ಸಮನಾಗಿ ಹಂಚಿದ್ದರೆ ಅಂತರ ಮೈನಸ್ 5 ಸೆಂ.ಮೀ. ಒಂದು ಟ್ಯಾಂಕಿನ ಮೇಲೆ ರೈಟ್ ಕ್ಲಿಕ್, ಇನ್ನೊಂದರ ಮೇಲೆ ಆಲ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, ಎಲ್ಲವನ್ನೂ ಮುಂದಿನ ಟ್ಯಾಂಕಿಗೆ ವರ್ಗಾಯಿಸಿದರೆ ಅದು ಪ್ಲಸ್ 11 ಸೆಂ.ಮೀ. ಆಗುತ್ತದೆ. ಇಳಿಯಲು ಅಷ್ಟು ಸಾಕು, 133ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ. (ಹಣ ಗಳಿಸಿ ಕಟ್ಟಡ ಬೆಳೆಸುತ್ತ ಆಡುವ ಕರಿಯರ್ ಮೋಡಿನಲ್ಲಿ ಇಂಧನ ವರ್ಗಾವಣೆಗೆ ಸಂಶೋಧನಾ ಕಟ್ಟಡವನ್ನು ಮೇಲ್ದರ್ಜೆಗೇರಿಸಿರಬೇಕು.) ಕಾಂಕಾರ್ಡ್ ವಿಮಾನವೂ ಇಂಧನವನ್ನು ಟ್ಯಾಂಕಿನಿಂದ ಟ್ಯಾಂಕಿಗೆ ಪಂಪ್ ಮಾಡಿಯೇ ತೂಕದ ಕೇಂದ್ರವನ್ನು ಹೊಂದಿಸಿಕೊಳ್ಳುತ್ತಿತ್ತು, ಶಬ್ದವೇಗ ದಾಟಿದಾಗ ಲಿಫ್ಟಿನ ಕೇಂದ್ರ ಹಿಂದೆ ಸರಿಯುತ್ತದೆ ಎಂಬ ಕಾರಣಕ್ಕೆ.

ಆದರೆ ಪೈಲಟ್ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸದ ಮೇಲೆ ವಿಮಾನದ ಸ್ಥಿರತೆ ನಿಂತಿರಬಾರದು. ಜಕ್ಕೂರಿನಲ್ಲಿ ತರಬೇತಿಗೆ ಹಾರಿದ ಸೆಸ್ನಾ 172ರಂಥ ವಿಮಾನದಲ್ಲಿ ಟ್ಯಾಂಕು ಇರುವುದು ರೆಕ್ಕೆಯೊಳಗೆ, ತೂಕದ ಕೇಂದ್ರದ ಆಸುಪಾಸಿನಲ್ಲೇ. ಇಂಧನ ಸುಟ್ಟಾಗ ಕೇಂದ್ರ ಹೆಚ್ಚು ಅಲುಗುವುದಿಲ್ಲ. ಗಿಡುಗಕ್ಕೂ ಬೇಕಾದ್ದು ಅದೇ.

ಹೊಸ ಜೋಡಣೆ

ಮೊದಲು ಇಂಧನ ನಿಜಕ್ಕೂ ಎಷ್ಟು ಬೇಕು ಎಂದು ನೋಡಬೇಕು. ಪ್ಯಾಂಥರ್ ಆಫ್ಟರ್‌ಬರ್ನರ್ (ಹೆಚ್ಚು ಇಂಧನ ಸುಟ್ಟು ಹೆಚ್ಚು ಬಲ ಪಡೆಯುವ ಏರ್ಪಾಡು) ಇಲ್ಲದೆ 85 ಕಿಲೋನ್ಯೂಟನ್, ಐಎಸ್‌ಪಿ (ಇಂಧನ ಮಿತವ್ಯಯದ ಅಳತೆ) 9,000 ಸೆಕೆಂಡ್. ಆಫ್ಟರ್‌ಬರ್ನರ್ ಹೊತ್ತಿಸಿದರೆ 130 ಕಿಲೋನ್ಯೂಟನ್, ಐಎಸ್‌ಪಿ 4,000ಕ್ಕೆ ಇಳಿಯುತ್ತದೆ. ನೂಕುಬಲವನ್ನು 9.81ರಿಂದಲೂ ಐಎಸ್‌ಪಿಯಿಂದಲೂ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಟನ್ ಸುಡುತ್ತದೆ ಎಂದು ತಿಳಿಯುತ್ತದೆ. ಯೂನಿಟ್ಟಿಗೆ 5 ಕಿಲೋ. ನೆಲಮಟ್ಟದಲ್ಲಿ ಪೂರ್ಣ ಥ್ರಾಟಲಿಗೆ ಮೊದಲನೆಯದು ಸೆಕೆಂಡಿಗೆ 0.19 ಯೂನಿಟ್, ಎರಡನೆಯದು 0.66 ಯೂನಿಟ್. ಬಲ ಹೆಚ್ಚಾದದ್ದು ಒಂದೂವರೆ ಪಟ್ಟು, ಖರ್ಚು ಮೂರೂವರೆ ಪಟ್ಟು. ಗುಂಪು ಏರುವಾಗಲೂ ದಾರಿಯಲ್ಲೂ ಆಫ್ಟರ್‌ಬರ್ನರ್ ಆನ್ ಇಟ್ಟಿತ್ತು. 800 ಯೂನಿಟ್ ಬೇಕೆನ್ನಿಸಿದ್ದೂ ಅದಕ್ಕೇ, ವಾಪಸ್ ಬರುವಷ್ಟರಲ್ಲಿ 260ಕ್ಕಿಂತ ಕೆಳಗಿಳಿದದ್ದೂ ಅದಕ್ಕೇ.

ಸಾಧಾರಣ ಓಟಕ್ಕೆ ಬೇಕಾದ ಬಲ ಬಹಳ ಕಡಿಮೆ. ಹಾರಾಟದ ಸರಾಸರಿ ತೂಕ 7 ಟನ್, ಲಿಫ್ಟ್ ಮತ್ತು ಎಳೆತದ ಅನುಪಾತ 4 ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ 17 ಕಿಲೋನ್ಯೂಟನ್ ಸಾಕು, ಸೆಕೆಂಡಿಗೆ 0.04 ಯೂನಿಟ್. 250 ಮೀ./ಸೆ. ವೇಗದಲ್ಲಿ 1,900 ಕಿ.ಮೀ.ಗೆ ಸುಮಾರು 300 ಯೂನಿಟ್. ಏರಲು, ಸುತ್ತು ಹಾಕಿ ಇಳಿಯಲು, ಮೀಸಲಿಗೆ ಎಂದು ಅಷ್ಟೇ ಸೇರಿಸಿದರೂ 600ರ ಒಳಗೆ ಮುಗಿಯುತ್ತದೆ.

ಈಗ ಜಾಗ ಅದಲುಬದಲು. ಖಾಲಿ ಫ್ಯೂಸಲಾಜ್ ಕಾಕ್‌ಪಿಟ್ಟಿನ ಹಿಂದಕ್ಕೆ ಬಂತು, ಎರಡೂ ಟ್ಯಾಂಕು ಒಂದೊಂದು ಸ್ಥಾನ ಹಿಂದೆ ಹೋದವು: 4.75 ಮತ್ತು 6.65 ಮೀಟರಿಗೆ. ರೆಕ್ಕೆ ಮೂಲ ಸ್ಥಾನದಿಂದ 84 ಸೆಂ.ಮೀ. ಹಿಂದೆ. ಖಾಲಿ ವಿಮಾನದ ತೂಕದ ಕೇಂದ್ರ 5.34, ಲಿಫ್ಟಿನ ಕೇಂದ್ರ 5.64, ಅಂತರ ಶೇ. 10. ಇಂಧನದ ತೂಕವೂ ಸರಿಯಾಗಿ ಈ 5.34ರಲ್ಲೇ ಬೀಳಬೇಕೆಂದರೆ ಮುಂದಿನ ಟ್ಯಾಂಕಿನಲ್ಲಿ 400, ಹಿಂದಿನದರಲ್ಲಿ 180 ಯೂನಿಟ್. ಒಟ್ಟು 580. ಎರಡೂ ಅದೇ ಪ್ರಮಾಣದಲ್ಲಿ ಇಳಿಯುತ್ತ ಹೋದರೆ ಹಳದಿ ಗುಂಡು ಕದಲುವುದೇ ಇಲ್ಲ.

ಪ್ರಮಾಣ ತಪ್ಪಿದರೆ? ಮುಂದಿನದು ಪೂರ್ತಿ ಖಾಲಿಯಾಗಿ ಹಿಂದಿನದು ಹಾಗೆಯೇ ಉಳಿದರೆ ಕೇಂದ್ರ 5.55ಕ್ಕೆ ಹೋಗುತ್ತದೆ. ಅಂತರ ಶೇ. 3, ಕಡಿಮೆಯಾದರೂ ಪ್ಲಸ್ಸೇ. ಹಿಂದಿನದು ಮೊದಲು ಬರಿದಾದರೆ 5.17, ಶೇ. 16; ಮೂಗು ಭಾರವೆನ್ನಿಸಿದರೂ ಅಪಾಯವಿಲ್ಲ. ಕಾಕ್‌ಪಿಟ್ಟಿನ ಹಿಂದೊಂದು, ಇಂಜಿನ್ ಮುಂದೊಂದು ಟ್ಯಾಂಕಿಟ್ಟು ಮಧ್ಯೆ ಖಾಲಿ ಬಿಡುವ ಜೋಡಣೆಯನ್ನೂ ಲೆಕ್ಕ ಹಾಕಿ ಕೈಬಿಟ್ಟದ್ದು ಇದೇ ಕಾರಣಕ್ಕೆ. ರೆಕ್ಕೆ ಮೂಲ ಸ್ಥಾನದಲ್ಲೇ ಇದ್ದರೆ ಅದರಲ್ಲಿ 667 ಯೂನಿಟ್ ಹಿಡಿಸಬಹುದಿತ್ತು, ಕಾಗದದ ಮೇಲೆ ಕೇಂದ್ರವೂ ನಿಶ್ಚಲ. ಆದರೆ ಮುಂದಿನ ಟ್ಯಾಂಕು ಮೊದಲು ಖಾಲಿಯಾದರೆ ಕೇಂದ್ರ 45 ಸೆಂ.ಮೀ. ಹಿಂದೆ ಹಾರುತ್ತದೆ. ದೂರದೂರದ ಎರಡು ಟ್ಯಾಂಕಿಗಿಂತ ಕೇಂದ್ರಕ್ಕೆ ಅಂಟಿಕೊಂಡ ಎರಡು ಟ್ಯಾಂಕು ಎಷ್ಟೋ ವಾಸಿ.

ಹ್ಯಾಂಗರಿನಲ್ಲಿ ಇದನ್ನು ಪರೀಕ್ಷಿಸಲು ಲೆಕ್ಕವೂ ಬೇಕಿಲ್ಲ. ಟ್ಯಾಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಇಂಧನದ ಸ್ಲೈಡರನ್ನು ಸೊನ್ನೆಗೆ ಎಳೆದರೆ ಹಳದಿ ಗುಂಡು ಕಣ್ಣೆದುರೇ ಸರಿಯುತ್ತದೆ. ಎರಡೂ ತುಂಬಿ, ಮುಂದಿನದು ಮಾತ್ರ ಖಾಲಿ, ಹಿಂದಿನದು ಮಾತ್ರ ಖಾಲಿ, ಎರಡೂ ಖಾಲಿ: ನಾಲ್ಕೂ ಸ್ಥಿತಿಯಲ್ಲಿ ಹಳದಿ ನೀಲಿಗಿಂತ ಮುಂದಿರಬೇಕು. ಆರ್‌ಸಿಎಸ್ ಬಿಲ್ಡ್ ಏಡ್ ಎಂಬ ಮಾಡ್ (ಆಟಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡರೆ ಖಾಲಿ ವಿಮಾನದ ಕೇಂದ್ರ ಬೇರೆ ಗುರುತಾಗಿ ಸದಾ ಕಾಣುತ್ತಿರುತ್ತದೆ. ನೀಲಿ ಗುಂಡು ಗಾಳಿಯ ಎಳೆತವನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ. ಎರಡು ಗುಂಡುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇಡುವುದು ಅದಕ್ಕಾಗಿಯೇ ಅಪಾಯ.

ಬೆನ್ನಿಗೇ ಬಂದ ಬದಲಾವಣೆಗಳು

ತೂಕದ ಕೇಂದ್ರ ಹಿಂದೆ ಬಂದದ್ದಕ್ಕೆ ಬೆಲೆ ತೆತ್ತದ್ದು ನಿಂತ ಫಿನ್. ಅದು 8 ಮೀಟರಿನಲ್ಲಿತ್ತು. ತುಂಬಿದ ವಿಮಾನದಲ್ಲಿ ಕೇಂದ್ರದಿಂದ 3.5 ಮೀ. ಇದ್ದ ದೂರ 2.66ಕ್ಕೆ ಇಳಿಯಿತು. ಮೂಗು ಎಡಬಲ ತೂಗಾಡತೊಡಗಿತು. ಫಿನ್ನನ್ನು ಇಂಜಿನಿನ ತುದಿಯವರೆಗೆ ಹಿಂದೆ ಸರಿಸಿ, ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಬೇಕಾಯಿತು.

ಗೇರು ಇದಕ್ಕಿಂತ ಮುಖ್ಯ. ಮುಖ್ಯ ಗಾಲಿಗಳು ಮೊದಲು 7 ಮೀಟರಿನಲ್ಲಿದ್ದವು. ನೆಲದ ಮೇಲೆ ವಿಮಾನ ಮೂಗೆತ್ತುವಾಗ ತಿರುಗುವುದು ಗಾಲಿಯ ಸುತ್ತ. ಕೇಂದ್ರ ಅದಕ್ಕಿಂತ ಎರಡೂವರೆ ಮೀಟರ್ ಮುಂದಿದ್ದರೆ ಅಷ್ಟು ಭಾರವನ್ನು ಎಲಿವಾನ್ ಎತ್ತಲಾರದು. ಹೊಸ ಜಾಗ 5.9 ಮೀಟರ್, ಕೇಂದ್ರದಿಂದ ಅರ್ಧ ಮೀಟರಿನಷ್ಟು ಹಿಂದೆ. ಗೇರು ಸರಿಸಿದ್ದಕ್ಕೆ ಕೇಂದ್ರ ಅಲುಗುವುದು ಎರಡು ಮೂರು ಸೆಂ.ಮೀ., ಅದನ್ನು ಬಿಡಬಹುದು. ಇನ್ನೂ ಮುಂದೆ ತಂದರೆ ಬಾಲ ನೆಲಕ್ಕೆ ಕೂರುತ್ತದೆ. ಕೇಂದ್ರ ನೆಲದಿಂದ 1.2 ಮೀ. ಎತ್ತರದಲ್ಲಿದ್ದರೆ, ಗಾಲಿ ನೆಲ ಮುಟ್ಟುವ ಜಾಗದಿಂದ ಕೇಂದ್ರಕ್ಕೆ ಎಳೆದ ಗೆರೆ ಲಂಬದಿಂದ 22 ಡಿಗ್ರಿಗೂ ಹೆಚ್ಚು ಮುಂದೆ ವಾಲಿರುತ್ತದೆ, ಕೇಂದ್ರ 5.55ಕ್ಕೆ ಹೋದಾಗಲೂ 16. ವಿಮಾನ ಮೂಗೆತ್ತುವುದು 12 ಡಿಗ್ರಿ. ಆ 12 ಡಿಗ್ರಿಗೆ, ಗಾಲಿಗಿಂತ 3.1 ಮೀ. ಹಿಂದಿರುವ ನಳಿಗೆಯ ತುದಿ ನೆಲಕ್ಕೆ ಉಜ್ಜದಿರಲು ಅದರ ಕೆಳ ಅಂಚು ನೆಲದಿಂದ 66 ಸೆಂ.ಮೀ. ಮೇಲಿರಬೇಕು.

ರನ್‌ವೇ ಮೇಲೆ ವಿಮಾನ ಪಕ್ಕಕ್ಕೆ ಎಳೆಯುವುದಕ್ಕೂ ಸಮತೋಲಕ್ಕೂ ಸಂಬಂಧ ಕಡಿಮೆ. ಗಾಲಿ ನೆಟ್ಟಗಿಲ್ಲದಿರುವುದೇ ಹೆಚ್ಚಿನ ಸಲ ಕಾರಣ. ಗೇರನ್ನು ಬಳುಕುವ ರೆಕ್ಕೆಗೆ ಬದಲು ಒಡಲಿಗೆ ಜೋಡಿಸಿ, 3 ಒತ್ತಿ ಭಾಗ ತಿರುಗಿಸುವ ಸಾಧನ (ಗಿಜ್ಮೋ) ತೆರೆದು, ಎಫ್ ಒತ್ತಿ ಆಬ್ಸೊಲ್ಯೂಟ್ (ಹ್ಯಾಂಗರಿನ ದಿಕ್ಕುಗಳಿಗೆ ತಕ್ಕಂತೆ) ಮಾಡಿಕೊಂಡು, ಸ್ನ್ಯಾಪ್ (ನಿಗದಿತ ಕೋನಗಳಲ್ಲೇ ನಿಲ್ಲುವಂತೆ) ಆನ್ ಇಟ್ಟು ಲಂಬಕ್ಕೆ ತರಬೇಕು. ಮುಂಗಾಲಿಯ ಬ್ರೇಕನ್ನು ಸೊನ್ನೆ ಮಾಡಿದರೆ ಇಳಿದಾಗ ಹೊರಳುವುದೂ ನಿಲ್ಲುತ್ತದೆ.

ಎಲಿವಾನ್‌ಗಳು ನಾಲ್ಕೇ ಉಳಿದವು, ಕೆಲಸ ಮಾತ್ರ ಹಂಚಿಕೆಯಾಯಿತು: ಒಳಗಿನ ಜೋಡಿಗೆ ಪಿಚ್ (ಮೂಗು ಮೇಲೆ-ಕೆಳಗೆ), ಹೊರಗಿನ ಜೋಡಿಗೆ ರೋಲ್ (ಪಕ್ಕಕ್ಕೆ ಹೊರಳುವುದು), ಯಾವುದಕ್ಕೂ ‘ಯಾ’ (ಮೂಗು ಎಡ-ಬಲ) ಇಲ್ಲ. ನಾಲ್ಕೂ ಎಲ್ಲ ಕೆಲಸ ಮಾಡುತ್ತಿದ್ದಾಗ ಎಸ್‌ಎಎಸ್ ತಾನೇ ಹುಟ್ಟಿಸಿ ತಾನೇ ತಡೆಯುತ್ತಿದ್ದ ನಡುಕ ಇದರಿಂದ ಬಹುಪಾಲು ಹೋಯಿತು. ಉಳಿದ ಸಣ್ಣ ಮೂಗುಭಾರಕ್ಕೆ ಆಲ್ಟ್ ಜೊತೆ ಎಸ್ ಒತ್ತಿ ಟ್ರಿಮ್ (ಕೀ ಬಿಟ್ಟರೂ ಉಳಿಯುವ ಸಣ್ಣ ತಿದ್ದುಪಡಿ) ಕೊಟ್ಟರೆ ಸಾಕು. ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಅದು ಮತ್ತೆ ಸೊನ್ನೆಗೆ ಬರುತ್ತದೆ.

ಹೊಸ ಗಿಡುಗದ ಪರೀಕ್ಷೆ ನಡೆದದ್ದು ಧ್ರುವದ ದಾರಿಯಲ್ಲಿ ಅಲ್ಲ, ರನ್‌ವೇ ಮೇಲಿನ ಆಕಾಶದಲ್ಲೇ. ಹ್ಯಾಂಗರಿನಲ್ಲಿ ಮುಂದಿನ ಟ್ಯಾಂಕಿಗೆ 40, ಹಿಂದಿನದಕ್ಕೆ 18 ಯೂನಿಟ್ ಮಾತ್ರ ಹಾಕಿ, ಗಿಂಬಲ್ ಲಾಕ್ ಮಾಡಿ ಏರಿಸಿದರು. 2,000 ಮೀಟರಿನಲ್ಲಿ ಥ್ರಾಟಲ್ ಪೂರ್ತಿ ಇಳಿಸಿ, ಎಸ್‌ಎಎಸ್ ಆಫ್ ಮಾಡಿ, ಮೂಗನ್ನು ಹತ್ತು ಡಿಗ್ರಿ ಎತ್ತಿ ಕೀ ಬಿಟ್ಟರು. ಮೂಗು ತಾನಾಗಿ ಇಳಿದು, ಒಂದೆರಡು ಸಲ ತೂಗಿ, ಸಮಕ್ಕೆ ನಿಂತಿತು. ಆಮೇಲೆ ಗಿಂಬಲ್ ಲಾಕ್ ಹಾಗೆಯೇ ಬಿಟ್ಟು ಎರಡೂ ಟ್ಯಾಂಕಿಗೆ 400 ಮತ್ತು 180 ತುಂಬಿಸಿದರು.